ಅಗ್ಗದ ರೈಫಲ್‌ನಲ್ಲಿ ಗುರಿ ಹೊಡೆಯುವುದು: ನನ್ನ ಅನುಭವ

ಬಿಡುವಿದ್ದಾಗ ರೇಂಜಿಗೆ ಹೋಗಿ ಕಾಗದದ ಗುರಿಗೆ ನಾಲ್ಕು ಗುಂಡು ಹೊಡೆಯುವ ಹವ್ಯಾಸಕ್ಕೆ ಅಗ್ಗದ ಕೋವಿ ಸಾಕಾ? ನಾನು ಬಳಸುತ್ತಿರುವುದು ಅಂಗಡಿಯಲ್ಲಿ ಕಡಿಮೆ ಬೆಲೆಯ ಸಾಲಿನಲ್ಲಿ ಸಿಕ್ಕ .22 (ಅಂದರೆ ಸುಮಾರು 0.22 ಇಂಚು ಅಗಲದ ಗುಂಡು ಹೊಡೆಯುವ) ಬೋಲ್ಟ್ ರೈಫಲ್. ನನ್ನ ಮಟ್ಟಿಗೆ ಅದು ಧಾರಾಳವಾಗಿ ಸಾಕು. ಆದರೆ ಈ ಮಾತು ಎಲ್ಲ ಅಗ್ಗದ ಕೋವಿಗೂ ಹೊಂದುವುದಿಲ್ಲ.

ತಯಾರಕರು ದುಡ್ಡು ಎಲ್ಲಿ ಉಳಿಸಿದ್ದಾರೆ ಅಂತ ಮೊದಲು ನೋಡಬೇಕು. ಬೋಲ್ಟ್ ರೈಫಲ್‌ನಲ್ಲಿ ಬೋಲ್ಟ್ ಅನ್ನುವ ಅಗುಳಿಯನ್ನು ಹಿಂದೆ ಮುಂದೆ ಎಳೆದು ತೋಟೆ ತುಂಬುವುದು, ಖಾಲಿ ತೋಟೆ ಹೊರಗೆ ಎಳೆಯುವುದು ಎಲ್ಲ ನಮ್ಮ ಕೈಯದೇ ಕೆಲಸ. ಕೆಡುವ ಭಾಗಗಳು ಕಡಿಮೆ. ಮರದ ಬದಲು ಪ್ಲಾಸ್ಟಿಕ್ ಹಿಡಿ, ಹೊಳಪಿಲ್ಲದ ಲೋಹ, ಸ್ವಲ್ಪ ಬಿಗಿ ಟ್ರಿಗರ್, ಇಷ್ಟರಲ್ಲೇ ಉಳಿತಾಯ ಮುಗಿದಿರುತ್ತದೆ. ಬ್ಯಾರೆಲ್ ಚೆನ್ನಾಗಿದ್ದರೆ ಗುಂಡು ನೇರ ಹೋಗುತ್ತದೆ. ಸೆಮಿ ಆಟೋಮ್ಯಾಟಿಕ್ ಹಾಗಲ್ಲ. ಅದು ಪ್ರತಿ ಸಲ ಗುಂಡಿನ ಬಲದಿಂದಲೇ ಖಾಲಿ ತೋಟೆ ಉಗುಳಿ ಹೊಸದನ್ನು ತುಂಬಿಕೊಳ್ಳಬೇಕು. ತೋಟೆ ತುಂಬಿಡುವ ಮ್ಯಾಗಜೀನ್ ಮತ್ತು ಸ್ಪ್ರಿಂಗ್‌ನಲ್ಲಿ ಕಂಜೂಸಿ ಮಾಡಿದ್ದರೆ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾ ಇರುತ್ತದೆ.

ಅಗ್ಗದ ಪಿಸ್ತೂಲ್ ಅಂತೂ ಹೊಸಬರಿಗೆ ಬೇಡವೇ ಬೇಡ ಅನ್ನುತ್ತೇನೆ. ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಇರುವ ಅಂತರ ಗೇಣಿಗಿಂತ ಕಡಿಮೆ, ಹಾಗಾಗಿ ಕೈ ಕೂದಲೆಳೆಯಷ್ಟು ನಡುಗಿದರೂ ಗುರಿ ತಪ್ಪುತ್ತದೆ. ಒಂದು ಕೆಜಿಯೂ ತೂಗದ ಪಿಸ್ತೂಲ್‌ನ ಟ್ರಿಗರ್ ಎಳೆಯಲು ಎರಡು ಮೂರು ಕೆಜಿಯಷ್ಟು ಬಲ ಬೇಕಾದರೆ ಅದನ್ನು ಅಲುಗದಂತೆ ಹಿಡಿಯುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಹಳೆಯ ಸೈನ್ಯದ ರೈಫಲ್‌ಗಳು ಕೆಲವೊಮ್ಮೆ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳ ಗತ್ತೇ ಬೇರೆ, ನನಗೂ ಇಷ್ಟ. ಆದರೆ ಪ್ರತಿ ತೋಟೆಗೂ .22ರ ಹಲವು ಪಟ್ಟು ದುಡ್ಡು ಬೇಕು, ಭುಜಕ್ಕೆ ಒದೆತವೂ ಜೋರು. ಜೊತೆಗೆ ಅಗ್ಗಕ್ಕೆ ಸಿಗುವ ಹಳೆಯ ತೋಟೆಗಳಲ್ಲಿ ಹಲವು ಬ್ಯಾರೆಲ್ ಒಳಗೆ ಉಪ್ಪಿನಂಶ ಬಿಡುತ್ತವೆ. ಬೇಗನೆ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ತುಕ್ಕು ಗ್ಯಾರಂಟಿ. 1887ರಲ್ಲಿ ಬಂದ .22 ಲಾಂಗ್ ರೈಫಲ್ ತೋಟೆ ಇವತ್ತಿಗೂ ಹವ್ಯಾಸಿಗಳ ಆಸರೆಯಾಗಿರುವುದಕ್ಕೆ ಕಾರಣ ಇದೆ. ಸುಮಾರು 2.6 ಗ್ರಾಂ ಸೀಸದ ಗುಂಡು, ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಬೆಳಿಗ್ಗೆ ಪೂರ್ತಿ ಹೊಡೆದರೂ ಭುಜ ನೋಯುವುದಿಲ್ಲ.

ಕೊಳ್ಳುವಾಗ ನಾನು ಬಣ್ಣ ಬೆಡಗು ನೋಡುವುದಿಲ್ಲ. ಬೋಲ್ಟ್ ತೆಗೆದು ಒಳಗೆ ತೋಟೆ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಬ್ಯಾರೆಲ್‌ನ ತುದಿ ನೋಡುತ್ತೇನೆ. ಗುಂಡು ಕೊನೆಯದಾಗಿ ತಾಗುವುದು ಆ ಅಂಚನ್ನೇ. ಅಲ್ಲಿ ಒಂದು ಕಡೆ ಸಣ್ಣ ಗಾಯವಿದ್ದರೂ ಗುಂಡಿನ ಹಿಂದಿನ ಮದ್ದಿನ ಅನಿಲ ಒಂದೇ ಪಕ್ಕಕ್ಕೆ ನುಗ್ಗಿ ಅದನ್ನು ಓರೆ ಮಾಡುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಂಚಿನ ಸುತ್ತ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಆ ರೈಫಲ್ ಬಿಟ್ಟುಬಿಡಿ. ಟ್ರಿಗರ್ ಪರೀಕ್ಷಿಸುವುದಾದರೆ ಮದ್ದಿಲ್ಲದ ಡಮ್ಮಿ ತೋಟೆ ಹಾಕಿಯೇ ಎಳೆಯಬೇಕು. ಹಲವು .22 ರೈಫಲ್‌ಗಳಲ್ಲಿ ಖಾಲಿ ಹೊಡೆದರೆ ತೋಟೆ ಸಿಡಿಸುವ ಪಿನ್ ನೇರವಾಗಿ ತೋಟೆ ಕೂರುವ ಜಾಗದ, ಅಂದರೆ ಚೇಂಬರ್‌ನ, ಅಂಚಿಗೆ ಬಡಿಯುತ್ತದೆ.

ನಿಜವಾದ ಕೆಲಸ ಶುರುವಾಗುವುದು ತೋಟೆ ಆರಿಸುವಾಗ. .22 ರೈಫಲ್‌ಗಳಿಗೆ ಒಂದೊಂದಕ್ಕೂ ಒಂದೊಂದು ರುಚಿ. ನಾನು ಬೇರೆ ಬೇರೆ ಕಂಪನಿಗಳ ಡಬ್ಬಿ ಒಂದೊಂದು ತಂದೆ. ರೈಫಲ್‌ನ ಮುಂಭಾಗವನ್ನು ಮರಳಿನ ಚೀಲದ ಮೇಲೆ ಇಟ್ಟು, 50 ಮೀಟರ್ ದೂರಕ್ಕೆ ಐದೈದು ಗುಂಡಿನ ಗುಂಪು ಹೊಡೆದೆ. ಹೊಸ ಡಬ್ಬಿ ತೆರೆದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗುಂಡಿನ ಮೇಲಿನ ಮೇಣ ಕಂಪನಿಯಿಂದ ಕಂಪನಿಗೆ ಬೇರೆ. ಹಿಂದಿನದರ ಮೇಣ ಹೋಗಿ ಹೊಸದು ಬ್ಯಾರೆಲ್‌ಗೆ ಹತ್ತುವವರೆಗೆ ಗುಂಪು ಚದುರುತ್ತದೆ. ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಅದೇ ರೈಫಲ್, ಅದೇ ಚೀಲ, ಅದೇ ನಾನು. ಒಂದು ಡಬ್ಬಿಯ ಗುಂಡುಗಳು ಎರಡು ಸೆಂಟಿಮೀಟರ್ ಒಳಗೆ ಕೂತವು, ಇನ್ನೊಂದರವು ಅದರ ಮೂರು ಪಟ್ಟು ಹರಡಿದವು. ಚೆನ್ನಾಗಿ ಕೂತದ್ದು ಅತಿ ದುಬಾರಿಯದ್ದೂ ಅಲ್ಲ, ಅತಿ ವೇಗದ್ದೂ ಅಲ್ಲ. 'ಸ್ಟ್ಯಾಂಡರ್ಡ್ ವೆಲಾಸಿಟಿ' ಅಂತ ಬರೆದಿದ್ದ ಸಾಧಾರಣ ತೋಟೆ. ಇಂಥ ಗುಂಡು ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್‌ಗಿಂತ, ಸ್ವಲ್ಪ ಕೆಳಗೇ ಹೊರಡುತ್ತದೆ. ಅತಿ ವೇಗದ್ದು ದಾರಿ ಮಧ್ಯೆ ಆ ವೇಗ ದಾಟಿ ಕೆಳಗಿಳಿಯುವಾಗ ಅದುರುವ ಸಂಭವ ಇದೆ. ಹಿಡಿಸಿದ ತೋಟೆ ಸಿಕ್ಕ ಮೇಲೆ ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ ಅದೇ ಲಾಟ್‌ನದ್ದು ಇನ್ನಷ್ಟು ಕೊಂಡೆ.

ರೈಫಲ್‌ಗೆ ನಾನು ಮಾಡಿದ್ದು ಸ್ವಲ್ಪವೇ. ಹಿಡಿಗೆ ಬಿಗಿದ ಸ್ಕ್ರೂ ಸಡಿಲವಾಗಿದೆಯಾ ಅಂತ ಪ್ರತಿ ಸಲ ನೋಡುತ್ತೇನೆ. ಗುಂಪು ದಿಢೀರ್ ಕೆಟ್ಟರೆ ಹತ್ತರಲ್ಲಿ ಎಂಟು ಸಲ ಅದೇ ಕಾರಣ. ಬ್ಯಾರೆಲ್ ಜಾಸ್ತಿ ಉಜ್ಜುವುದಿಲ್ಲ. ಟ್ರಿಗರ್ ಹಗುರ ಮಾಡಲು ಅರ ಹಿಡಿದು ಕೂರಬೇಡಿ, ತಾನಾಗಿ ಗುಂಡು ಹಾರಿದರೆ ಪ್ರಾಣಕ್ಕೇ ಸಂಚಕಾರ.

ಪುಟ್ಟ ತೋಟೆ ಅಂತ ಸಲೀಸಾಗಿ ತಗೊಳ್ಳಬಾರದು. .22 ಗುಂಡು ಒಂದೂವರೆ ಕಿಲೋಮೀಟರ್ ದೂರ ಹಾರಬಲ್ಲದು. ಹಿಂದೆ ಮಣ್ಣಿನ ದಿಬ್ಬ ಇರುವ ರೇಂಜಿನಲ್ಲಷ್ಟೇ ಹೊಡೆಯಿರಿ, ಲೈಸೆನ್ಸಿನ ಕಾನೂನು ಮೊದಲೇ ತಿಳಿದುಕೊಳ್ಳಿ. ಟ್ರಿಗರ್ ಎಳೆದರೂ ಸಿಡಿಯದಿದ್ದರೆ ಬ್ಯಾರೆಲ್ ಗುರಿಯತ್ತಲೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಸದ್ದು ಪುಸಕ್ ಅಂತ ಸಣ್ಣಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಸೀಳಬಹುದು. ಕಣ್ಣಿಗೂ ಕಿವಿಗೂ ರಕ್ಷಣೆ ಇರಲಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟ ಮಾಡಿ.

ದುಬಾರಿ ರೈಫಲ್ ಯಾವಾಗ ಬೇಕಾಗುತ್ತೆ? ನಾನು ಹೀಗೆ ಅಳೆಯುತ್ತೇನೆ. ಅಂತಾರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತ 10.4 ಮಿ.ಮೀ. ಅಗಲ. ಚೀಲದ ಮೇಲಿಟ್ಟು ಹೊಡೆದರೆ ನನ್ನ ರೈಫಲ್ ಅದರ ಆಸುಪಾಸಿನಲ್ಲೇ ಗುಂಡು ಕೂರಿಸುತ್ತದೆ. ಅದೇ ರೈಫಲ್ ಎತ್ತಿಕೊಂಡು ನಿಂತು ಹೊಡೆದಾಗ ಗುಂಪು ಅಂಗೈ ಅಗಲಕ್ಕೆ ಹರಡುತ್ತದೆ. ಆ ವ್ಯತ್ಯಾಸ ಪೂರ್ತಿ ನನ್ನ ಕೈ, ಉಸಿರು, ನಿಲುವಿನದು. ಅದು ಕಡಿಮೆಯಾಗುವವರೆಗೆ ನನ್ನ ದುಡ್ಡೆಲ್ಲ ತೋಟೆಗೇ.