ಕ್ರೋಶೆ ಗೊಂಬೆಗೆ ಮೊದಲ ಪಾಠ: ಒಂದು ಚೆಂಡು

ಕ್ರೋಶೆ ಕಲಿಯಲು ಕುಳಿತವರಲ್ಲಿ ಹೆಚ್ಚಿನವರು ಮೊದಲ ದಿನವೇ ಮೊಲವನ್ನೋ ಕರಡಿಯನ್ನೋ ಆರಿಸಿಕೊಳ್ಳುತ್ತಾರೆ. ಕಿವಿ, ಕೈಕಾಲು, ಬಾಲ ಎಂದು ಏಳೆಂಟು ತುಂಡುಗಳಿರುವ ಆ ಗೊಂಬೆಯ ತಲೆಯೂ ಮುಗಿಯುವ ಮೊದಲೇ ಅದು ದಾರದ ಉಂಡೆಯ ಜೊತೆ ಚೀಲ ಸೇರುತ್ತದೆ. ಹೀಗೆ ಅರ್ಧಕ್ಕೆ ನಿಂತ ಎಷ್ಟೋ ತಲೆಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ತಪ್ಪು ನಡೆದಿರುವುದು ಬಹುಪಾಲು ಮೊದಲ ಮೂರು ಸುತ್ತುಗಳಲ್ಲಿಯೇ. ಆದ್ದರಿಂದ ಮೊದಲು ಒಂದು ಚೆಂಡನ್ನು ಹೆಣೆಯಿರಿ. ಜಪಾನಿನಲ್ಲಿ ಅಮಿಗುರುಮಿ ಎಂದು ಕರೆಯುವ ಈ ಪುಟ್ಟ ಗೊಂಬೆಗಳಲ್ಲಿ ತಲೆಯೂ ಹೊಟ್ಟೆಯೂ ಸಾಮಾನ್ಯವಾಗಿ ಚೆಂಡಿನ ರೂಪಾಂತರಗಳೇ ಆಗಿರುತ್ತವೆ.

ಬೇಕಾಗುವ ಸಾಮಗ್ರಿ ಸ್ವಲ್ಪವೇ: ಮಧ್ಯಮ ದಪ್ಪದ ದಾರ, ಕ್ರೋಶೆ ಕಡ್ಡಿ, ಕತ್ತರಿ, ದೊಡ್ಡ ಕಣ್ಣಿನ ಮೊಂಡು ಸೂಜಿ ಮತ್ತು ತುಂಬಲು ಪಾಲಿಯೆಸ್ಟರ್ ಫೈಬರ್. ದಾರ ತಿಳಿ ಬಣ್ಣದ್ದಿರಲಿ. ಕಪ್ಪು ಅಥವಾ ಕಡುನೀಲಿ ದಾರದಲ್ಲಿ ಹೆಣಿಕೆಗಳು ಅನುಭವಿಗಳ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಅಕ್ರಿಲಿಕ್ ದಾರವನ್ನೇ, ಏಕೆಂದರೆ ಅದು ತುಸು ಹಿಗ್ಗಿ ಬಿಗಿ ಕೈಯನ್ನೂ ಸಹಿಸಿಕೊಳ್ಳುತ್ತದೆ. ಹತ್ತಿ ದಾರ ಹಾಗೆ ಹಿಗ್ಗುವುದಿಲ್ಲ. ಮಖಮಲ್ಲಿನಂತೆ ನಯವಾದ, ತುಪ್ಪುಳು ತುಪ್ಪುಳಾದ ದಾರವನ್ನು ಮಾತ್ರ ಈಗ ಮುಟ್ಟಬೇಡಿ. ಅದರಲ್ಲಿ ಹೆಣಿಕೆ ಕಣ್ಣಿಗೆ ಕಾಣುವುದಿಲ್ಲ, ಎಳೆದರೆ ದಾರವೇ ತುಂಡಾಗುವುದುಂಟು. ಕಡ್ಡಿಯ ಅಳತೆಯನ್ನು ದಾರದ ಲೇಬಲ್ಲಿನಲ್ಲಿ ಸೂಚಿಸಿದ್ದಕ್ಕಿಂತ ಚಿಕ್ಕದಾಗಿ ಆರಿಸಿಕೊಳ್ಳಿ. ಲೇಬಲ್ 4 ಮಿ.ಮೀ. ಎಂದಿದ್ದರೆ 3 ಮಿ.ಮೀ. ಕಡ್ಡಿ ಹಿಡಿಯಿರಿ, ಹೆಣಿಕೆ ಒತ್ತಾಗಿ ಬಿದ್ದರೆ ಒಳಗಿನ ಫೈಬರ್ ಹೊರಗೆ ಇಣುಕುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಬರುವ ಕೆಲವು ಕಡ್ಡಿಗಳ ಕೊಕ್ಕೆಯ ಅಂಚು ಒರಟಾಗಿದ್ದು, ಪ್ರತಿ ಹೆಣಿಕೆಯಲ್ಲೂ ದಾರವನ್ನು ಸೀಳುತ್ತದೆ. ಹತ್ತು ಒರಟು ಕಡ್ಡಿಗಳಿಗಿಂತ ನುಣುಪಾದ ಒಂದೇ ಕಡ್ಡಿ ಲೇಸು.

ಇನ್ನು ಮ್ಯಾಜಿಕ್ ರಿಂಗ್, ಅಂದರೆ ಎಳೆದರೆ ಮುಚ್ಚಿಕೊಳ್ಳುವ ಉಂಗುರ. ಇಲ್ಲಿ ಅವಸರ ಮಾಡಬೇಡಿ. ದಾರದ ತುದಿಯನ್ನು ಸುಮಾರು 15 ಸೆಂ.ಮೀ. ಬಿಟ್ಟು, ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ಮೇಲೆ ದಾರದ ಎರಡು ಎಳೆಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುವ ಹಾಗೆ ಸುತ್ತಿಕೊಳ್ಳಿ. ಕಡ್ಡಿಯನ್ನು ಬಲಗಡೆಯ ಎಳೆಯ ಅಡಿಯಿಂದ ತೂರಿಸಿ, ಎಡಗಡೆಯ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬಂದ ದಾರಿಯಲ್ಲೇ ಹೊರಗೆಳೆಯಿರಿ. ಕೊಕ್ಕೆಯನ್ನು ಮೇಲ್ಮುಖವಾಗಿ ತಿರುಗಿಸಿ, ಉಂಡೆಯ ಕಡೆಯಿಂದ ಬರುವ ದಾರವನ್ನು ಹಿಡಿದು ಆ ಕುಣಿಕೆಯ ಮೂಲಕ ಎಳೆದರೆ ಒಂದು ಚೈನ್ ಆಗುತ್ತದೆ. ಈ ಚೈನ್ ಉಂಗುರವನ್ನು ಹಿಡಿದಿಡುವ ಬೀಗವೇ ಹೊರತು ಹೆಣಿಕೆಯಲ್ಲ, ಇದನ್ನು ಎಣಿಕೆಗೆ ಸೇರಿಸಬಾರದು. ಮೊದಲ ಸುತ್ತಿಗೆ ಬೇಕಾದ ಆರಕ್ಕೆ ಬದಲು ಐದೇ ಹೆಣಿಕೆ ಹಾಕಿ ಮುಂದೆ ಹೋಗುವವರೆಲ್ಲ ಎಡವುವುದು ಇಲ್ಲಿಯೇ.

ಈಗ ಉಂಗುರವನ್ನು ಬೆರಳಿನಿಂದ ಬಿಡಿಸಿಕೊಂಡು ಗಮನಿಸಿ: ಉಂಗುರದ ಎಳೆಯ ಪಕ್ಕದಲ್ಲೇ ದಾರದ ಗಿಡ್ಡ ತುದಿಯೂ ಮಲಗಿರುತ್ತದೆ. ಕಡ್ಡಿ ಈ ಎರಡೂ ಎಳೆಗಳ ಅಡಿಯಿಂದ ಹೋಗಬೇಕು. ಒಂದರ ಅಡಿಯಲ್ಲಿ ಮಾತ್ರ ಹೋದರೆ, ಕೊನೆಯಲ್ಲಿ ಎಷ್ಟು ಎಳೆದರೂ ಉಂಗುರ ಪೂರ್ತಿ ಮುಚ್ಚುವುದಿಲ್ಲ. ಉಂಗುರದೊಳಗೆ ಕಡ್ಡಿ ತೂರಿಸಿ, ದಾರ ಹಿಡಿದು ಹೊರಗೆಳೆಯಿರಿ, ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರ ಹಿಡಿದು ಎರಡರ ಮೂಲಕವೂ ಒಮ್ಮೆಗೇ ಎಳೆಯಿರಿ. ಇದೇ ಸಿಂಗಲ್ ಕ್ರೋಶೆ. ಬ್ರಿಟಿಷ್ ಮಾದರಿಗಳಲ್ಲಿ ಇದೇ ಹೆಣಿಕೆಗೆ ಡಬಲ್ ಕ್ರೋಶೆ ಎಂಬ ಹೆಸರಿದೆ, ಆದ್ದರಿಂದ ಯಾವುದೇ ಮಾದರಿಯನ್ನು ಹಿಡಿಯುವ ಮೊದಲು ಅದು ಯಾವ ಪದ್ಧತಿಯದೆಂದು ನೋಡಿಕೊಳ್ಳಿ. ಇಂಥ ಆರು ಹೆಣಿಕೆಗಳಾದ ಮೇಲೆ ತುದಿಯನ್ನು ಎಳೆಯಿರಿ, ಉಂಗುರ ಮುಚ್ಚಿಕೊಳ್ಳುತ್ತದೆ.

ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಆರು ಹೆಣಿಕೆ ಹಾಕುವ ಸುಲಭದ ದಾರಿಯೂ ಇದೆ. ಹಾಗೆ ಮಾಡಿದರೆ ನಡುವೆ ಪುಟ್ಟ ತೂತು ಉಳಿಯುತ್ತದೆ. ಉಂಗುರ ಒಂದು ವಾರವಾದರೂ ಕೈಗೆ ಹತ್ತದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಎರಡನೆಯ ಸುತ್ತು ಎರಡನೆಯ ಗಂಡಾಂತರ. ಗೊಂಬೆಯ ಸುತ್ತುಗಳನ್ನು ಸಾಮಾನ್ಯವಾಗಿ ಕೂಡಿಸದೆ, ಸುರುಳಿಯಾಗಿ ಹೆಣೆಯುತ್ತ ಹೋಗುತ್ತೇವೆ. ಉಂಗುರ ಎಳೆದಾಗ ಮೊದಲ ಹೆಣಿಕೆ ಮುದುಡಿ ಅಡಗಿಕೊಳ್ಳುವುದರಿಂದ ಅನೇಕರು ಅದನ್ನು ದಾಟಿ ಎರಡನೆಯದರಲ್ಲಿ ಕಡ್ಡಿ ತೂರಿಸುತ್ತಾರೆ. ಪ್ರತಿ ಹೆಣಿಕೆಯ ತಲೆಯ ಮೇಲೆ ಜಡೆಯ ಒಂದು ಹೆಣಲಿನಂತೆ ಎರಡು ಎಳೆಗಳು ಸೇರಿರುತ್ತವೆ. ಅಂಥ ಆರು ಜೋಡಿಗಳನ್ನು ಎಣಿಸಿಯೇ ಮುಂದುವರಿಯಿರಿ. ಪ್ರತಿಯೊಂದರಲ್ಲೂ ಎರಡೆರಡು ಹಾಕಿದರೆ 12. ಸುತ್ತಿನ ಮೊದಲ ಹೆಣಿಕೆಯ ಮೇಲೆ ಬೇರೆ ಬಣ್ಣದ ದಾರದ ತುಂಡೊಂದನ್ನು ಅಡ್ಡ ಇಟ್ಟುಕೊಂಡು, ಸುತ್ತು ಮುಗಿದಂತೆಲ್ಲ ಮೇಲಕ್ಕೆ ಸರಿಸಿ. ಪ್ಲಾಸ್ಟಿಕ್ ಮಾರ್ಕರುಗಳಿಗಿಂತ ಇದೇ ವಾಸಿ; ಬಿದ್ದುಹೋಗುವುದಿಲ್ಲ, ಹೆಣಿಕೆಯನ್ನು ಅಗಲಿಸುವುದೂ ಇಲ್ಲ.

ಮೂರನೆಯ ಸುತ್ತಿನಲ್ಲಿ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು ಹೆಣಿಕೆಯಂತೆ ಹಾಕಿ 18, ನಾಲ್ಕರಲ್ಲಿ ಪ್ರತಿ ಮೂರನೆಯದರಲ್ಲಿ ಎರಡು ಹಾಕಿ 24, ಐದರಲ್ಲಿ ಪ್ರತಿ ನಾಲ್ಕನೆಯದರಲ್ಲಿ ಎರಡು ಹಾಕಿ 30. ಪ್ರತಿ ಸುತ್ತಿಗೂ ಆರೇ ಹೆಚ್ಚಬೇಕು. ಲೆಕ್ಕ ಒಂದು ತಪ್ಪಿದ್ದರೂ ಅಲ್ಲಿಯೇ ಬಿಚ್ಚಿ, ಮುಂದೆ ಸರಿಹೋಗುತ್ತದೆಂದು ಎಳೆದುಕೊಂಡು ಹೋಗಬೇಡಿ. ಇಷ್ಟರಲ್ಲಿ ತಟ್ಟೆ ಬಟ್ಟಲಾಗಿ ಬಾಗುತ್ತಿರುತ್ತದೆ. ಬಲಗೈಯವರಾದರೆ, ನಿಮಗೆ ಹತ್ತಿರದ ಅಂಚಿನಲ್ಲಿ, ಕಡ್ಡಿ ಬಟ್ಟಲಿನ ಹೊರಗಿನಿಂದ ಒಳಕ್ಕೆ ಹೋಗುತ್ತಿದೆಯೇ ನೋಡಿ. ದೂರದ ಅಂಚಿನಲ್ಲಿ ಹೆಣೆಯುತ್ತಿದ್ದರೆ ಒಳಮೈ ಹೊರಗಾಗಿದೆ ಎಂದರ್ಥ, ಬಟ್ಟಲನ್ನು ಮಗುಚಿಕೊಳ್ಳಿ.

ಆರರಿಂದ ಹತ್ತನೆಯ ಸುತ್ತಿನವರೆಗೆ 30 ಹೆಣಿಕೆಗಳಲ್ಲಿ ಏನೂ ಬದಲಾವಣೆಯಿಲ್ಲ.

ಅನಂತರ ಇಳಿಕೆ. ಎರಡು ಹೆಣಿಕೆಗಳನ್ನು ಸಾಮಾನ್ಯ ರೀತಿಯಲ್ಲಿ ಒಂದು ಮಾಡಿದರೆ ಮೈಮೇಲೆ ಗಂಟು ಎದ್ದು ಕಾಣುತ್ತದೆ. ಬದಲಿಗೆ, ಮುಂದಿನ ಎರಡು ಹೆಣಿಕೆಗಳ ಮುಂಭಾಗದ ಎಳೆಗಳನ್ನು ಮಾತ್ರ ಒಂದಾದ ಮೇಲೊಂದರಂತೆ ಕೊಕ್ಕೆಗೆ ಏರಿಸಿಕೊಂಡು, ದಾರ ಹಿಡಿದು ಆ ಎರಡರ ಮೂಲಕ ಎಳೆಯಿರಿ. ಉಳಿದ ಎರಡು ಕುಣಿಕೆಗಳನ್ನು ಎಂದಿನಂತೆ ಮುಗಿಸಿ. ಹನ್ನೊಂದನೆಯ ಸುತ್ತಿನಲ್ಲಿ ಮೂರು ಹೆಣಿಕೆಗಳಾದ ಮೇಲೆ ಒಂದು ಇಳಿಕೆಯಂತೆ 24, ಹನ್ನೆರಡರಲ್ಲಿ ಎರಡಾದ ಮೇಲೆ ಒಂದರಂತೆ 18.

ಇಲ್ಲಿ ನಿಲ್ಲಿಸಿ. ಬಾಯಿ ತೆರೆದಿರುವಾಗಲೇ ಕಣ್ಣು ಇಡಬೇಕು, ಏಕೆಂದರೆ ಪ್ಲಾಸ್ಟಿಕ್ ಕಣ್ಣಿನ ಹಿಂದಿನ ಬಿಲ್ಲೆಯನ್ನು ಒಳಗಿನಿಂದ ಒತ್ತಬೇಕಾಗುತ್ತದೆ. ಗೊಂಬೆ ಮೂರು ವರ್ಷದೊಳಗಿನ ಮಗುವಿಗಾದರೆ ಆ ಕಣ್ಣುಗಳು ಬೇಡವೇ ಬೇಡ, ದಾರದಿಂದಲೇ ಕಸೂತಿ ಮಾಡಿ. ಫೈಬರನ್ನು ಚಿಟಿಕೆ ಚಿಟಿಕೆಯಾಗಿ ಬಿಡಿಸಿ, ಮೊದಲು ಗೋಡೆಗಳಿಗೆ ಒತ್ತುತ್ತ, ಕೊನೆಗೆ ನಡುವಿಗೆ ತುಂಬಿ. ಮುದ್ದೆಯಾಗಿ ತುರುಕಿದರೆ ಚೆಂಡು ಗುಡ್ಡಗುಡ್ಡವಾಗುತ್ತದೆ. ಹತ್ತಿ ತುಂಬಿದರೆ ಒಮ್ಮೆ ತೊಳೆದಾಗಲೇ ಗಂಟುಕಟ್ಟುತ್ತದೆ.

ಮುಂದಿನ ಸುತ್ತಿನಲ್ಲಿ ಒಂದು ಹೆಣಿಕೆಯಾದ ಮೇಲೆ ಒಂದು ಇಳಿಕೆಯಂತೆ 12, ಅದರ ಮುಂದಿನದರಲ್ಲಿ ಬರೀ ಇಳಿಕೆಗಳಿಂದ 6. ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಕುಣಿಕೆಯಿಂದ ಹೊರಗೆಳೆದು ಸೂಜಿಗೆ ಪೋಣಿಸಿ. ಉಳಿದ ಆರು ಹೆಣಿಕೆಗಳ ಮುಂಭಾಗದ ಎಳೆಗಳಲ್ಲಿ ಮಾತ್ರ ಸೂಜಿಯನ್ನು ಸುತ್ತ ಹಾಯಿಸಿ ಎಳೆದರೆ ಬಾಯಿ ಮುಚ್ಚುತ್ತದೆ. ಒಂದು ಗಂಟು ಹಾಕಿ, ಸೂಜಿಯನ್ನು ಚೆಂಡಿನ ನಡುವಿನಿಂದ ಇನ್ನೊಂದು ಬದಿಗೆ ಹೊರತೆಗೆದು, ದಾರವನ್ನು ತುಸು ಬಿಗಿಯಾಗಿ ಎಳೆದು ಮೈಗೆ ಒತ್ತಿ ಕತ್ತರಿಸಿ; ಕೈಬಿಟ್ಟೊಡನೆ ತುದಿ ಒಳಕ್ಕೆ ಸರಿದು ಮಾಯವಾಗುತ್ತದೆ.