ಕಲಬುರಗಿಯಲ್ಲಿ ಸಿಟ್ರೊಯೆನ್ ಸಿಎಕ್ಸ್: ಕೊಳ್ಳುವ ಮುಂಚೆ ಹಿಂದಿನ ಬಂಪರ್ ಒತ್ತಿ ನೋಡಿ

1974ರಿಂದ 1991ರವರೆಗೆ ತಯಾರಾದ ಈ ಫ್ರೆಂಚ್ ಕಾರಿಗೆ ಉಕ್ಕಿನ ಸ್ಪ್ರಿಂಗೇ ಇಲ್ಲ. ಅದರ ಬದಲು ನೈಟ್ರೋಜನ್ ಗ್ಯಾಸ್ ತುಂಬಿದ ಗೋಳಗಳು, ಎಲ್‌ಎಚ್‌ಎಂ ಎಂಬ ಹಸಿರು ಎಣ್ಣೆ, ಅಷ್ಟೇ. ತಗ್ಗು ದಿನ್ನೆಯ ರಸ್ತೆಯಲ್ಲೂ ಹಾಸಿಗೆ ಮೇಲೆ ಕೂತಂತೆ ಸಾಗುತ್ತದೆ. ತೊಂದರೆಯೆಂದರೆ, ಬ್ರೇಕು, ಸ್ಟೀರಿಂಗಿಗೂ ಅದೇ ಎಣ್ಣೆ.

ಎಂಜಿನ್ ಚಾಲೂ ಮಾಡಿ, ಕಾರು ಎದ್ದು ನಿಂತ ಮೇಲೆ ಹಿಂದಿನ ಬಂಪರ್ ಒತ್ತಿ. ಮೆತ್ತಗೆ ಇಳಿದರೆ ಸರಿ. ಶಹಾಬಾದ್ ಕಲ್ಲಿನಂತೆ ಬಿಗಿಯಾಗಿದ್ದರೆ ಗೋಳದ ಗ್ಯಾಸ್ ಹೋಗಿದೆ. ಕಾರು ಓಡಿಸದೆ ನಿಲ್ಲಿಸಿದರೂ ಗ್ಯಾಸ್ ಗೋಳದೊಳಗಿನ ಪೊರೆಯ ಮೂಲಕ ಮೆಲ್ಲಗೆ ಸೋರುತ್ತದೆ.

ಗೋಳ ಬದಲಿಸಲು ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒತ್ತಡ ಇಳಿದರೆ ಕಾರು ಕುಸಿಯುತ್ತದೆ, ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಎಂಜಿನ್ ಆರಿಸಿ, ಕಾರಿನ ಎತ್ತರ ಹೊಂದಿಸುವ ಲಿವರನ್ನು ತೀರ ಕೆಳಗಿನ ಮಟ್ಟಕ್ಕೆ ಇಳಿಸಿ, ಒತ್ತಡ ಬಿಡಲು ರೆಗ್ಯುಲೇಟರಿನ (ಎಣ್ಣೆಯ ಒತ್ತಡ ನಿಯಂತ್ರಿಸುವ ಭಾಗ) 12 ಮಿ.ಮೀ. ಸ್ಕ್ರೂ ಒಂದು ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಿದರೆ ಒಳಗಿನ ಪುಟ್ಟ ಗುಂಡು ಉರುಳಿ ಹೋಗುತ್ತದೆ. ಹೊಸ ಗೋಳಕ್ಕೆ ಹೊಸ ರಬ್ಬರ್ ರಿಂಗ್ ಹಾಕಿ, ಕೈಯಲ್ಲೇ ಬಿಗಿ ಮಾಡಿದರೆ ಸಾಕು.

ಎಣ್ಣೆ ಮಟ್ಟವನ್ನು ಎಂಜಿನ್ ಚಾಲೂ ಇಟ್ಟು, ಕಾರು ಪೂರ್ತಿ ಎತ್ತರದಲ್ಲಿದ್ದಾಗಲೇ ನೋಡಬೇಕು. ಕಡಿಮೆಯಾಗಿದ್ದರೆ ಮೆಕ್ಯಾನಿಕ್ “ಬ್ರೇಕ್ ಆಯಿಲ್ ಹಾಕಿದ್ರ ನಡೀತದ ಬಿಡ್ರಿ” ಅನ್ನಬಹುದು. ಒಪ್ಪಬೇಡಿ; ಸೀಲುಗಳೆಲ್ಲ ಕೆಡುತ್ತವೆ. ಎಲ್‌ಎಚ್‌ಎಂ ಡಬ್ಬಿ, ಒಂದು ಜೊತೆ ಗೋಳ ಮೊದಲೇ ತರಿಸಿಡಿ.