ತ್ರೀಡಿ ಮಾಡೆಲ್‌ಗೆ ಅಳತೆ ಕೊಡುವುದು ಹೇಗೆ?

ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿ, ಮಷೀನ್ ಶಾಪ್‌ಗಳಲ್ಲಿ ಕೆಲಸಕ್ಕೆ ಸೇರುವ ಐಟಿಐ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಕಟ್ಟುವುದನ್ನು ಬೇಗನೆ ಕಲಿಯುತ್ತಾರೆ. ಆದರೆ ಆ ಮಾಡೆಲ್‌ಗೆ ಅಳತೆ ಕೊಡುವ ಕೆಲಸಕ್ಕೆ ಅಷ್ಟೇ ಗಮನ ಸಿಗುವುದಿಲ್ಲ. ಪರದೆಯ ಮೇಲಿನ ಆಕೃತಿ ಎಷ್ಟೇ ಚೆನ್ನಾಗಿದ್ದರೂ ಲೇತ್ ಮುಂದೆ ನಿಂತ ಟರ್ನರ್‌ಗೆ ಬೇಕಾದದ್ದು ಸಂಖ್ಯೆ. ಅದೂ ಯಂತ್ರದ ಮೇಲೆ ಹೊಂದಿಸಲು ಮತ್ತು ವರ್ನಿಯರ್‌ನಿಂದ ಪರೀಕ್ಷಿಸಲು ಬರುವಂಥ ಸಂಖ್ಯೆ. ಈ ಲೇಖನದಲ್ಲಿ ಒಂದು ಸಾಮಾನ್ಯ ಫ್ಲ್ಯಾಂಜ್ (ಬೋಲ್ಟ್ ಹಾಕಿ ಜೋಡಿಸುವ ದುಂಡು ಬಿಲ್ಲೆ) ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: ಹೊರವ್ಯಾಸ 120 ಮಿ.ಮೀ., ದಪ್ಪ 16 ಮಿ.ಮೀ., ನಡುವಿನ ಬೋರ್ 40 ಮಿ.ಮೀ., ಮತ್ತು 90 ಮಿ.ಮೀ. ಪಿಸಿಡಿಯ (ರಂಧ್ರಗಳ ಕೇಂದ್ರಗಳು ಕೂರುವ ವೃತ್ತದ ವ್ಯಾಸ) ಮೇಲೆ 11 ಮಿ.ಮೀ. ವ್ಯಾಸದ ನಾಲ್ಕು ರಂಧ್ರಗಳು.

ಮೊದಲ ಹೆಜ್ಜೆ ಕಡತದ ಏಕಮಾನವನ್ನು ಪರಿಶೀಲಿಸುವುದು. ಇಂಚಿನಲ್ಲಿ ತೆರೆದ ಕಡತದಲ್ಲಿ 40 ಎಂದು ಬರೆದರೆ ಅದು 1016 ಮಿ.ಮೀ. ಆಗುತ್ತದೆ. ಆದ್ದರಿಂದ ಮೊದಲ ಗೆರೆ ಎಳೆಯುವ ಮುನ್ನವೇ ಮಿಲಿಮೀಟರ್ ಆರಿಸಿಕೊಳ್ಳಬೇಕು.

ಎರಡನೆಯದು ಸ್ಕೆಚ್‌ನ, ಅಂದರೆ ಮಾಡೆಲ್ ಕಟ್ಟಲು ಮೊದಲು ಬಿಡಿಸುವ ಚಪ್ಪಟೆ ಚಿತ್ರದ, ಅಳತೆ. ಆಕಾರವನ್ನು ನಿಯಂತ್ರಿಸುವ ಅಳತೆಗೂ ಆಕಾರವನ್ನು ಓದಿ ತೋರಿಸುವ ಅಳತೆಗೂ ವ್ಯತ್ಯಾಸವಿದೆ. ನಿಯಂತ್ರಿಸುವ ಅಳತೆಯನ್ನು ಬದಲಿಸಿದರೆ ಮಾಡೆಲ್ ಬದಲಾಗುತ್ತದೆ. ಓದಿ ತೋರಿಸುವ ಅಳತೆ ಮಾಡೆಲ್ ಹೇಗಿದೆಯೋ ಹಾಗೆ ವರದಿ ಮಾಡುತ್ತದೆ, ಅಷ್ಟೇ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನ ಸ್ಕೆಚ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಕೆಂಪು ಬಣ್ಣದಲ್ಲಿಯೂ ಎರಡನೆಯದು ನೀಲಿ ಬಣ್ಣದಲ್ಲಿಯೂ ಕಾಣುತ್ತದೆ. ಬೇಕಾದ ಅಳತೆಗಳೆಲ್ಲ ಸಿಕ್ಕ ಮೇಲೆ ಇಡೀ ಸ್ಕೆಚ್ ಹಸಿರಾಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆಗಳು ಕಪ್ಪಾದರೆ ಸ್ಕೆಚ್ ಪೂರ್ಣವಾಗಿದೆ ಎಂದರ್ಥ. ಈ ಬಣ್ಣ ಬರುವವರೆಗೂ ಮುಂದಿನ ಹೆಜ್ಜೆಗೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಳತೆ ಸಿಗದ ಒಂದೇ ಒಂದು ಗೆರೆ ಉಳಿದಿದ್ದರೂ ಮುಂದೆ ಯಾರಾದರೂ ಬೋರಿನ ಗಾತ್ರ ಬದಲಿಸಿದಾಗ ಅದು ತನ್ನ ಜಾಗ ಬಿಟ್ಟು ಸರಿದುಬಿಡಬಹುದು, ಮತ್ತು ಅದು ಸರಿದದ್ದು ಕಣ್ಣಿಗೆ ಬೀಳದೆಯೂ ಹೋಗಬಹುದು.

ಮೂರನೆಯ ಹೆಜ್ಜೆ ಮಾಡೆಲ್‌ನ ಮೇಲೆಯೇ ಅಳತೆ ಬರೆಯುವುದು. ಆಟೊಕ್ಯಾಡ್ ಬಳಸುವವರು ಹೆಚ್ಚು ತೊಡಕಿಗೆ ಸಿಲುಕುವುದು ಇಲ್ಲಿಯೇ. ಆಟೊಕ್ಯಾಡ್ ಪ್ರತಿಯೊಂದು ಅಳತೆಯನ್ನೂ ಆ ಕ್ಷಣದ ಯುಸಿಎಸ್‌ನ (ಬಳಕೆದಾರರು ತಾವೇ ಹೊಂದಿಸಿಕೊಳ್ಳುವ ಅಕ್ಷಗಳ ಚೌಕಟ್ಟು) ಎಕ್ಸ್-ವೈ ಸಮತಲಕ್ಕೆ ಸಮಾನಾಂತರವಾಗಿ ಇಡುತ್ತದೆ. ಫ್ಲ್ಯಾಂಜ್ ಆ ಸಮತಲದ ಮೇಲೆ ಮಲಗಿರುವಾಗ ಅದರ ವ್ಯಾಸವನ್ನು ಸುಲಭವಾಗಿ ಬರೆಯಬಹುದು, ಆದರೆ 16 ಮಿ.ಮೀ. ದಪ್ಪವನ್ನು ಬರೆಯಲು ಹೋದರೆ ಅದು ದಕ್ಕುವುದಿಲ್ಲ, ಏಕೆಂದರೆ ಆ ಉದ್ದ ಸಮತಲಕ್ಕೆ ಲಂಬವಾಗಿದೆ. ಅದಕ್ಕಾಗಿ ಯುಸಿಎಸ್ ಆದೇಶ ಕೊಟ್ಟು, ಫ್ಲ್ಯಾಂಜಿನ ಅಕ್ಷ ಹಾದುಹೋಗುವ ಸಮತಲದಲ್ಲಿ, ಒಂದೇ ಗೆರೆಯ ಮೇಲಿಲ್ಲದ ಮೂರು ಬಿಂದುಗಳನ್ನು ಆರಿಸಿ ಎಕ್ಸ್-ವೈ ಸಮತಲವನ್ನು ಎತ್ತಿ ನಿಲ್ಲಿಸಬೇಕು. ನಂತರ ಡಿಮ್‌ಲೀನಿಯರ್ ಆದೇಶದಿಂದ ದಪ್ಪವನ್ನು ಗುರುತಿಸಬೇಕು. ಚಪ್ಪಟೆ ಮುಖಗಳಿರುವ ಜಾಬ್ (ತಯಾರಿಸುತ್ತಿರುವ ಭಾಗ) ಆದರೆ ಯುಸಿಎಸ್‌ನ ಫೇಸ್ ಆಯ್ಕೆಯಲ್ಲಿ ಬೇಕಾದ ಮುಖವನ್ನು ಒತ್ತಿದರೂ ಸಾಕು. ಕೆಲಸ ಮುಗಿದ ಮೇಲೆ ವರ್ಲ್ಡ್ ಆಯ್ಕೆಯಿಂದ ಮೊದಲಿನ ಸ್ಥಿತಿಗೆ ಮರಳುವುದನ್ನು ಮರೆಯಬಾರದು.

ಸಾಲಿಡ್‌ವರ್ಕ್ಸ್‌ನ ಡಿಮ್‌ಎಕ್ಸ್‌ಪರ್ಟ್‌ನಂಥ ಸಲಕರಣೆಗಳು ಮುಖ, ಬೋರ್ ಮತ್ತು ರಂಧ್ರಗಳನ್ನು ತಾವೇ ಗುರುತಿಸಿ ಅಳತೆ, ಟಾಲರೆನ್ಸ್‌ಗಳನ್ನು (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸದ ಮಿತಿ) ಅವಕ್ಕೇ ಅಂಟಿಸುತ್ತವೆ. ಹೀಗೆ ಅಳತೆಯನ್ನು ಮಾಡೆಲ್‌ನಲ್ಲಿಯೇ ಬರೆಯುವ ಪದ್ಧತಿಗೆ ಐಎಸ್ಒ 16792 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಮೂರು ಬದಿಗಳೂ ಒಟ್ಟಿಗೆ ಕಾಣುವಂತೆ ಓರೆಯಾಗಿ ತೋರಿಸುವ ಐಸೊಮೆಟ್ರಿಕ್ ನೋಟಕ್ಕೆ ಅಳತೆ ಹಾಕುವವರು ಇನ್ನಷ್ಟು ಎಚ್ಚರ ವಹಿಸಬೇಕು. ಡ್ರಾಯಿಂಗ್ ಹಾಳೆಯ ಮೇಲೆ ಮಾಡೆಲ್‌ನ ಐಸೊಮೆಟ್ರಿಕ್ ನೋಟವನ್ನು ಇಟ್ಟಾಗ 100 ಮಿ.ಮೀ. ಉದ್ದದ ಅಂಚು 81.65 ಮಿ.ಮೀ. ಆಗಿ ಬೀಳುತ್ತದೆ. ಸಾಫ್ಟ್‌ವೇರ್ ಆ ಚಪ್ಪಟೆ ಚಿತ್ರದ ಉದ್ದವನ್ನೇ ಓದಿದರೆ ತಪ್ಪು ಸಂಖ್ಯೆ ಮುದ್ರಣವಾಗುತ್ತದೆ. ಫ್ರೀಕ್ಯಾಡ್‌ನ ಟೆಕ್‌ಡ್ರಾ ವಿಭಾಗದಲ್ಲಿ ನಿಜವಾದ ಉದ್ದ ಬೇಕೋ ಚಿತ್ರದ ಉದ್ದ ಬೇಕೋ ಎಂದು ಆರಿಸುವ ಅವಕಾಶವಿದೆ. ಆದರೂ ಮುಖ್ಯ ಅಳತೆಗಳನ್ನು ಎದುರುನೋಟ ಮತ್ತು ಮೇಲ್ನೋಟಗಳಲ್ಲಿ ಕೊಟ್ಟು, ಐಸೊಮೆಟ್ರಿಕ್ ನೋಟವನ್ನು ಆಕಾರ ತಿಳಿಸಲು ಮಾತ್ರ ಇಟ್ಟುಕೊಳ್ಳುವುದೇ ಒಳ್ಳೆಯದು. ಭಾರತೀಯ ಮಾನಕ ಬ್ಯೂರೊದ ಎಸ್‌ಪಿ 46 ಕೈಪಿಡಿಯಂತೆ ನಮ್ಮಲ್ಲಿ ಬಳಕೆಯಲ್ಲಿರುವುದು ಮೇಲ್ನೋಟವನ್ನು ಎದುರುನೋಟದ ಕೆಳಗೆ ಇಡುವ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಅಮೆರಿಕದ ಗ್ರಾಹಕರ ಡ್ರಾಯಿಂಗ್‌ನಲ್ಲಿ ಸಾಮಾನ್ಯವಾಗಿ ಮೇಲ್ನೋಟವನ್ನು ಎದುರುನೋಟದ ಮೇಲೆ ಇಡುವ ಥರ್ಡ್ ಆ್ಯಂಗಲ್ ಇರುತ್ತದೆ. ಹಾಳೆಯ ಮೂಲೆಯ ಚಿಹ್ನೆಯನ್ನು ನೋಡಿಯೇ ಓದಬೇಕು.

ನಾಲ್ಕನೆಯ ಹೆಜ್ಜೆಯಲ್ಲಿ ಯಾವ ಅಳತೆಯನ್ನು ಎಲ್ಲಿಂದ ಕೊಡಬೇಕೆಂದು ತೀರ್ಮಾನಿಸಬೇಕಾಗುತ್ತದೆ, ಮತ್ತು ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವುದು ಇದೇ. ತಲಾ 20 ಮಿ.ಮೀ.ನ ನಾಲ್ಕು ಮೆಟ್ಟಿಲುಗಳಿರುವ ಶಾಫ್ಟ್ ಒಂದನ್ನು ಊಹಿಸಿಕೊಳ್ಳಿ. ಸಾಮಾನ್ಯ ಟಾಲರೆನ್ಸ್‌ಗಳ ಮಾನದಂಡವಾದ ಐಎಸ್ಒ 2768ರ ಮಧ್ಯಮ ವರ್ಗದ ಪ್ರಕಾರ ಪ್ರತಿ 20ಕ್ಕೂ ±0.2 ಮಿ.ಮೀ. ವಿನಾಯಿತಿ ಇದೆ. ಅಳತೆಗಳನ್ನು ಒಂದರ ತುದಿಗೆ ಮತ್ತೊಂದನ್ನು ಸೇರಿಸುತ್ತ ಸರಪಳಿಯಾಗಿ ಕೊಟ್ಟರೆ ಕೊನೆಯ ಅಂಚಿಗೆ ಬರುವಾಗ ವ್ಯತ್ಯಾಸ ±0.8 ಮಿ.ಮೀ. ತನಕ ಬೆಳೆಯಬಹುದು. ಅದೇ ಕೊನೆಯ ಅಂಚನ್ನು ಒಂದೇ ಆಧಾರ ಮುಖದಿಂದ 80 ಮಿ.ಮೀ. ಎಂದು ನೇರವಾಗಿ ಬರೆದರೆ ವಿನಾಯಿತಿ ±0.3 ಮಾತ್ರ. ಆದ್ದರಿಂದ ಜಾಬ್ ಅನ್ನು ಯಂತ್ರದಲ್ಲಿ ಯಾವ ಮುಖದ ಮೇಲೆ ಕೂರಿಸುತ್ತಾರೆ ಎಂದು ಟರ್ನರ್‌ರನ್ನು ಕೇಳಿ, ಸಾಧ್ಯವಿದ್ದರೆ ಅದನ್ನೇ ಆಧಾರ ಮುಖವಾಗಿ ಆರಿಸುವುದು ಉತ್ತಮ.

ನಮ್ಮ ಫ್ಲ್ಯಾಂಜಿನಲ್ಲಿ ಶಾಫ್ಟ್ ಕೂರುವ ಬೋರ್‌ಗೆ ಮಾತ್ರ ಬಿಗಿ ಟಾಲರೆನ್ಸ್ ಸಾಕು. 40 ಎಚ್7 ಎಂದು (ಎಚ್7 ಎಂಬುದು ರಂಧ್ರದ ಟಾಲರೆನ್ಸ್‌ನ ಸಂಕೇತ) ಬರೆದರೆ ಬೋರ್ 40.000ದಿಂದ 40.025 ಮಿ.ಮೀ. ಒಳಗಿರಬೇಕು. ಹೊರವ್ಯಾಸಕ್ಕೂ ಅಷ್ಟೇ ಬಿಗಿತ ಕೇಳಿದರೆ ಖರ್ಚು ಸುಮ್ಮನೆ ಏರುತ್ತದೆ. ರಂಧ್ರಗಳ ಸ್ಥಾನವನ್ನು ಯಾವಾಗಲೂ ಕೇಂದ್ರಕ್ಕೆ ಕೊಡಬೇಕು. ವರ್ನಿಯರ್‌ನಲ್ಲಿ ಎದುರುಬದುರಿನ ಎರಡು ರಂಧ್ರಗಳ ಒಳ ಅಂಚುಗಳ ನಡುವೆ 79 ಮಿ.ಮೀ. ಬಂದರೆ, ಅದಕ್ಕೆ 11 ಕೂಡಿಸಿ ಪಿಸಿಡಿ 90 ಇದೆಯೆಂದು ತಾಳೆ ನೋಡಬಹುದು. ಒಂದೇ ಅಳತೆಯನ್ನು ಎರಡು ಕಡೆ ಬರೆಯಬಾರದು. ತಿದ್ದುವಾಗ ಒಂದು ತಿದ್ದಿ ಇನ್ನೊಂದು ಹಾಗೆಯೇ ಉಳಿಯುವ ಅಪಾಯವಿದೆ.

ಫೌಂಡ್ರಿಗೆ ಹೋಗುವ ಡ್ರಾಯಿಂಗ್ ಬೇರೆಯಾಗಿಯೇ ಇರಬೇಕು. ಹೊರವ್ಯಾಸಕ್ಕೆ ಪ್ರತಿ ಬದಿಯಲ್ಲಿ 3 ಮಿ.ಮೀ. ಮಷೀನಿಂಗ್‌ಗೆ ಬಿಟ್ಟರೆ ಎರಕದ ವ್ಯಾಸ 126 ಆಗುತ್ತದೆ. ಬೀಡುಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುವುದನ್ನು ಲೆಕ್ಕ ಹಿಡಿದರೆ ಪ್ಯಾಟರ್ನ್‌ನ (ಎರಕದ ಅಚ್ಚು ಮೂಡಿಸುವ ಮಾದರಿ) ವ್ಯಾಸ 127.26 ಮಿ.ಮೀ. ಬರುತ್ತದೆ. ಈ ಮೂರೂ ಸಂಖ್ಯೆಗಳು ಒಂದೇ ಹಾಳೆಯಲ್ಲಿ ಬೆರೆತರೆ ಪ್ಯಾಟರ್ನ್ ಮಾಡುವವರಿಗೂ ಟರ್ನರ್‌ಗೂ ಗೊಂದಲವಾಗುತ್ತದೆ.

ಕಡತ ಕಳಿಸುವಾಗ ಮೇಲ್ಮೈಯನ್ನು ತ್ರಿಕೋನಗಳಾಗಿ ಉಳಿಸುವ ಎಸ್‌ಟಿಎಲ್ ರೂಪವನ್ನು ಮಾತ್ರ ಕಳಿಸಿದರೆ ಹಾಕಿದ ಅಳತೆಗಳೆಲ್ಲ ಬಿಟ್ಟುಹೋಗುತ್ತವೆ; ಅದರಲ್ಲಿ ಏಕಮಾನದ ಮಾಹಿತಿಯೂ ಇರುವುದಿಲ್ಲ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಮಾಡೆಲ್ ಸಾಗಿಸಲು ಬಳಸುವ ಸ್ಟೆಪ್ ಕಡತದ ಎಪಿ 242 ರೂಪ ಅಳತೆ ಮತ್ತು ಟಾಲರೆನ್ಸ್‌ಗಳನ್ನೂ ಹೊರಬಲ್ಲದು, ಆದರೆ ಎರಡೂ ಕಡೆಯ ಸಾಫ್ಟ್‌ವೇರ್‌ಗಳು ಅದನ್ನು ಬರೆಯಲು ಮತ್ತು ಓದಲು ಶಕ್ತವಾಗಿರಬೇಕು. ಆದ್ದರಿಂದ ಸ್ಟೆಪ್ ಕಡತದ ಜೊತೆಗೆ ಅಳತೆಗಳಿರುವ ಪಿಡಿಎಫ್ ಡ್ರಾಯಿಂಗ್ ಅನ್ನೂ ಲಗತ್ತಿಸಿ, ಎರಡರಲ್ಲೂ ಒಂದೇ ಪರಿಷ್ಕರಣೆ ಸಂಖ್ಯೆ ಇದೆಯೇ ಎಂದು ನೋಡಿ ಕಳಿಸಬೇಕು.